ಗಣಕನ ಸ್ಥಾನ: ಪದಾರ್ಥಭೌತವಿಜ್ಞಾನದ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಗಣಕ ಎಂಬ ಶಬ್ದಕ್ಕೆ ನಮ್ಮ ಹಳೆಯ ನಿಘಂಟುಗಳು ಲೆಕ್ಕಿಗ, ಜೋಯಿಸ ಎಂಬ ಅರ್ಥಗಳನ್ನು ಕೊಡುತ್ತವೆ. ಇಂದು ಅದೇ ಶಬ್ದವು ಒಂದು ಯಂತ್ರದ ಹೆಸರಾಗಿದೆ. ಇಂಗ್ಲಿಷಿನಲ್ಲಿಯೂ ಹೀಗೆಯೇ ಆಯಿತು. ಕಂಪ್ಯೂಟರ್ ಎಂಬುದು ಮೊದಲು ಮನುಷ್ಯರ ಉದ್ಯೋಗವನ್ನು ಸೂಚಿಸುತ್ತಿದ್ದು, ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಯಂತ್ರಕ್ಕೆ ವರ್ಗವಾಯಿತು. ಹೆಸರು ಯಂತ್ರಕ್ಕೆ ಹೋದ ಮೇಲೆ ಆ ಕೆಲಸವನ್ನು ವಹಿಸಿಕೊಂಡ ಮನುಷ್ಯರು ಯಾರು, ವಿಜ್ಞಾನದಲ್ಲಿ ಅವರಿಗೆ ದೊರೆತ ಸ್ಥಾನವೇನು ಎಂಬ ಪ್ರಶ್ನೆ ಭಾಷಾವಿಚಾರಕ್ಕೆ ಮಾತ್ರ ಸೇರಿದುದಲ್ಲ. ಭೌತವಿಜ್ಞಾನದ ಚರಿತ್ರೆಯನ್ನು ಓದುವವರೂ ಅದನ್ನು ಕೇಳಬೇಕಾಗಿದೆ.

ಈ ಪ್ರಶ್ನೆಗೆ ಇಂದು ಒಂದು ವ್ಯಾವಹಾರಿಕ ಕಾರಣವೂ ಉಂಟು. ಪದಾರ್ಥಗಳ ಗಣನಾತ್ಮಕ ಭೌತವಿಜ್ಞಾನದಲ್ಲಿ ಸಂಶೋಧಕರು ಬೇಕಾಗಿದ್ದಾರೆಂದು ವಿಶ್ವವಿದ್ಯಾನಿಲಯಗಳು ಪ್ರಕಟಣೆ ಹೊರಡಿಸುವುದು ಈಗ ಸಾಮಾನ್ಯ ಸಂಗತಿ. ಹುದ್ದೆಯ ಅವಧಿ ಸಾಮಾನ್ಯವಾಗಿ ಎರಡು ಮೂರು ವರ್ಷ. ಅಭ್ಯರ್ಥಿಗೆ ಡಾಕ್ಟರೇಟ್ ಪದವಿಯಿರಬೇಕು. ಕ್ವಾಂಟಂ ಸಿದ್ಧಾಂತದಲ್ಲಿ ಒಳ್ಳೆಯ ತಿಳಿವಳಿಕೆ ಇರಬೇಕು. ಸಂಖ್ಯಾತ್ಮಕ ವಿಧಾನಗಳಲ್ಲಿ ಪಳಗಿರಬೇಕು. ಯಂತ್ರಕ್ಕೆ ಕೊಡುವ ಆಜ್ಞಾವಳಿಯನ್ನು, ಎಂದರೆ ಪ್ರೋಗ್ರಾಮನ್ನು, ಸ್ವತಃ ಬರೆಯಬಲ್ಲವನೂ ಆಗಿರಬೇಕು. ಸಿದ್ಧಾಂತ, ಗಣಿತ, ಪ್ರೋಗ್ರಾಂ ಎಂಬ ಈ ಮೂರು ಯೋಗ್ಯತೆಗಳು ಒಬ್ಬನಲ್ಲಿಯೇ ಕೂಡಿರಬೇಕೆಂಬ ಅಪೇಕ್ಷೆ ನಮಗೆ ಸಹಜವಾಗಿ ತೋರುತ್ತದೆ. ಆದರೆ ೧೯೫೦ರ ಸುಮಾರಿನಲ್ಲಿ ಇವು ಬೇರೆ ಬೇರೆ ಜನರಿಗೆ ಸೇರಿದ ಕೆಲಸಗಳಾಗಿದ್ದುವು, ಮತ್ತು ಅವುಗಳಿಗೆ ಸಲ್ಲುತ್ತಿದ್ದ ಗೌರವವೂ ಬೇರೆ ಬೇರೆಯಾಗಿತ್ತು. ಅವು ಹೇಗೆ ಒಂದಾದುವು, ಒಂದಾಗುವ ದಾರಿಯಲ್ಲಿ ಯಾರ ಶ್ರಮ ಮರೆವಿಗೆ ಸಂದಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

೧೯೨೬ರಲ್ಲಿ ಶ್ರೋಡಿಂಗರರ ಸಮೀಕರಣ ಪ್ರಕಟವಾಯಿತು. ಮೂರೇ ವರ್ಷಗಳ ತರುವಾಯ, ೧೯೨೯ರಲ್ಲಿ, ಡಿರಾಕ್ ಅವರು ಒಂದು ಪ್ರಬಂಧದ ಆರಂಭದಲ್ಲಿ ಒಂದು ಪ್ರಸಿದ್ಧವಾದ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ರಸಾಯನವಿಜ್ಞಾನದ ಎಲ್ಲಕ್ಕೂ ಭೌತವಿಜ್ಞಾನದ ಬಹುಭಾಗಕ್ಕೂ ಬೇಕಾದ ಮೂಲನಿಯಮಗಳು ತಿಳಿದುಬಂದಿವೆ. ಉಳಿದಿರುವ ತೊಡಕೆಂದರೆ ಆ ನಿಯಮಗಳಿಂದ ಹುಟ್ಟುವ ಸಮೀಕರಣಗಳನ್ನು ಬಿಡಿಸಲು ಸಾಧ್ಯವಾಗದಿರುವುದು ಎಂಬುದು ಅದರ ತಾತ್ಪರ್ಯ.

ಈ ತೊಡಕಿನ ಪ್ರಮಾಣವನ್ನು ಒಂದು ಸುಲಭವಾದ ಲೆಕ್ಕದಿಂದ ಅರಿಯಬಹುದು. ಆಮ್ಲಜನಕದ ಪರಮಾಣುವೊಂದರಲ್ಲಿ ಎಂಟು ಎಲೆಕ್ಟ್ರಾನುಗಳಿವೆ. ಪ್ರತಿಯೊಂದರ ಸ್ಥಾನವನ್ನು ಹೇಳಲು ಮೂರು ಸಂಖ್ಯೆಗಳು ಬೇಕು. ಆದುದರಿಂದ ಅವುಗಳ ತರಂಗಫಲನವು ಇಪ್ಪತ್ತನಾಲ್ಕು ಚರಗಳನ್ನು ಅವಲಂಬಿಸಿದೆ. ಒಂದೊಂದು ಚರಕ್ಕೆ ಕೇವಲ ಹತ್ತು ಬೆಲೆಗಳನ್ನು ತೆಗೆದುಕೊಂಡರೂ ಬರೆದಿಡಬೇಕಾದ ಸಂಖ್ಯೆಗಳು ಒಂದರ ಮುಂದೆ ಇಪ್ಪತ್ತನಾಲ್ಕು ಸೊನ್ನೆಗಳಷ್ಟಾಗುತ್ತವೆ. ಇದು ಒಂದೇ ಪರಮಾಣುವಿನ ಮಾತು. ಒಂದು ಚೂರು ತಾಮ್ರದ ಮಾತನ್ನು ಎತ್ತುವಂತೆಯೇ ಇಲ್ಲ.

ಆದುದರಿಂದ ಭೌತವಿಜ್ಞಾನಿಗಳು ಅಂದಾಜಿನ ಮಾರ್ಗಗಳನ್ನು ಹುಡುಕಿದರು. ಇಂಗ್ಲೆಂಡಿನ ಡಗ್ಲಸ್ ಹಾರ್ಟ್ರೀ ಅವರು ೧೯೨೮ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿಯೊಂದು ಎಲೆಕ್ಟ್ರಾನೂ ಉಳಿದವುಗಳ ಸರಾಸರಿ ಕ್ಷೇತ್ರದಲ್ಲಿ ಚಲಿಸುತ್ತದೆಂದು ಭಾವಿಸಲಾಗುತ್ತದೆ. ಮೊದಲು ಒಂದು ಕ್ಷೇತ್ರವನ್ನು ಊಹಿಸಿ, ಅದರಲ್ಲಿ ಎಲೆಕ್ಟ್ರಾನುಗಳ ಹಂಚಿಕೆಯನ್ನು ಕಂಡುಹಿಡಿದು, ಆ ಹಂಚಿಕೆಯಿಂದ ಹೊಸ ಕ್ಷೇತ್ರವನ್ನು ಪಡೆದು, ಹಳೆಯದೂ ಹೊಸದೂ ಒಂದಾಗುವವರೆಗೆ ಈ ಸುತ್ತನ್ನು ಮುಂದುವರಿಸಬೇಕು. ಇದು ತಾಳ್ಮೆಯ ಕೆಲಸ. ಹಾರ್ಟ್ರೀಯವರ ತಂದೆ ವಿಲಿಯಂ ಹಾರ್ಟ್ರೀ ಅವರು ತಮ್ಮ ವಿಶ್ರಾಂತಜೀವನದ ಬಹುಕಾಲವನ್ನು ಮಗನ ಲೆಕ್ಕಗಳಿಗೇ ಮುಡುಪಾಗಿಟ್ಟರು. ೧೯೩೪ರಲ್ಲಿ ಡಗ್ಲಸ್ ಹಾರ್ಟ್ರೀಯವರೂ ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರರೂ ಮ್ಯಾಂಚೆಸ್ಟರಿನಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆಯ ಲೋಹದ ಪಟ್ಟಿಗಳನ್ನೂ ಹಲ್ಲುಗಾಲಿಗಳನ್ನೂ ಜೋಡಿಸಿ ಅವಕಲ ಸಮೀಕರಣಗಳನ್ನು ಬಿಡಿಸುವ ಒಂದು ಯಂತ್ರವನ್ನು ನಿರ್ಮಿಸಿದರು. ಘನಪದಾರ್ಥಗಳ ಕಡೆಗೆ ನೋಡಿದರೆ, ಅಮೆರಿಕದ ಪ್ರಿನ್ಸ್ಟನ್ನಿನಲ್ಲಿ ವಿಗ್ನರ್ ಮತ್ತು ಅವರ ವಿದ್ಯಾರ್ಥಿ ಸೈಟ್ಸ್ ೧೯೩೩ರಲ್ಲಿ ಸೋಡಿಯಂ ಲೋಹದ ಬಂಧನಶಕ್ತಿಯನ್ನು ಮೂಲನಿಯಮಗಳಿಂದ ಹೊರಟು ಲೆಕ್ಕಹಾಕಿದರು. ಒಂದು ನಿಜವಾದ ಲೋಹವನ್ನು ಕುರಿತ ಈ ಬಗೆಯ ಲೆಕ್ಕಗಳಲ್ಲಿ ಅದು ಆದ್ಯವಾದುದು.

ಈ ಕಾಲದಲ್ಲಿ ಲೆಕ್ಕಹಾಕುವವನ ಸ್ಥಾನವು ಗೃಹಕೃತ್ಯದ ಸ್ಥಾನದಂತಿತ್ತೆಂದು ಹೇಳಬಹುದು. ತಂದೆಯೋ ವಿದ್ಯಾರ್ಥಿಯೋ ಸಹಾಯಕರೋ ಅದನ್ನು ನಿರ್ವಹಿಸುತ್ತಿದ್ದರು. ಅದಿಲ್ಲದೆ ಮನೆ ನಡೆಯುತ್ತಿರಲಿಲ್ಲ. ಆದರೆ ಅದಕ್ಕೆ ಪ್ರತ್ಯೇಕವಾದ ಹೆಸರೂ ವೇತನವೂ ಇರಲಿಲ್ಲ.

೩

ಎರಡನೆಯ ಮಹಾಯುದ್ಧದ ಅನಂತರ ಎಲೆಕ್ಟ್ರಾನಿಕ್ ಗಣಕಯಂತ್ರಗಳು ಬಂದುವು. ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಶಾಲೆಯಲ್ಲಿ ೧೯೫೨ರಲ್ಲಿ ಮೇನಿಯಾಕ್ ಎಂಬ ಯಂತ್ರವು ಕೆಲಸಕ್ಕೆ ತೊಡಗಿತು. ಪರಮಾಣು ಶಸ್ತ್ರಗಳ ಲೆಕ್ಕಕ್ಕಾಗಿ ಹುಟ್ಟಿದ ಈ ಯಂತ್ರದ ಬಿಡುವಿನ ವೇಳೆಯಲ್ಲಿ ಪದಾರ್ಥಗಳ ಸ್ವಭಾವವನ್ನು ಕುರಿತ ಎರಡು ಮಹತ್ವದ ಲೆಕ್ಕಗಳು ನಡೆದುವು.

ಮೊದಲನೆಯದು ೧೯೫೩ರಲ್ಲಿ ಪ್ರಕಟವಾಯಿತು. ಮೆಟ್ರೊಪೊಲಿಸ್, ಏರಿಯಾನಾ ಮತ್ತು ಮಾರ್ಷಲ್ ರೋಸೆನ್‌ಬ್ಲೂತ್ ದಂಪತಿಗಳು, ಆಗಸ್ಟಾ ಮತ್ತು ಎಡ್ವರ್ಡ್ ಟೆಲ್ಲರ್ ದಂಪತಿಗಳು ಇದರ ಕರ್ತೃಗಳು. ಸಮತಲದ ಮೇಲಿರುವ ೨೨೪ ಗಟ್ಟಿ ಬಿಲ್ಲೆಗಳನ್ನು ಕಲ್ಪಿಸಿಕೊಂಡು ಅವುಗಳ ಒತ್ತಡವನ್ನು ಅವರು ಲೆಕ್ಕಹಾಕಿದರು. ಒಂದು ಬಿಲ್ಲೆಯನ್ನು ಯದೃಚ್ಛೆಯಾಗಿ ಕೊಂಚ ಸರಿಸಿ ನೋಡಬೇಕು. ಅದು ಇನ್ನೊಂದರ ಮೇಲೆ ಬೀಳದಿದ್ದರೆ ಆ ಸ್ಥಾನವನ್ನು ಒಪ್ಪಬೇಕು, ಬಿದ್ದರೆ ಹಿಂದಿನ ವಿನ್ಯಾಸವನ್ನೇ ಮತ್ತೊಮ್ಮೆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಕಣಗಳ ನಡುವೆ ಆಕರ್ಷಣೆ ವಿಕರ್ಷಣೆಗಳಿರುವಾಗ, ಶಕ್ತಿಯನ್ನು ಹೆಚ್ಚಿಸುವ ಚಲನೆಯನ್ನು ಉಷ್ಣತೆಗೆ ತಕ್ಕ ಸಂಭಾವ್ಯತೆಯಿಂದ ಮಾತ್ರ ಒಪ್ಪಬೇಕು. ನಿಯಮ ಇಷ್ಟು ಸರಳವಾದುದು. ಅದರ ವ್ಯಾಪ್ತಿಯಾದರೋ ಇಂದು ಭೌತವಿಜ್ಞಾನದ ಎಲ್ಲೆಯನ್ನು ದಾಟಿ ಸಂಖ್ಯಾಶಾಸ್ತ್ರ ಅರ್ಥಶಾಸ್ತ್ರಗಳವರೆಗೆ ಹರಡಿದೆ. ಈ ವಿಧಾನಕ್ಕೆ ಮೊದಲ ಕರ್ತೃವಾದ ಮೆಟ್ರೊಪೊಲಿಸರ ಹೆಸರು ನಿಂತಿತು.

ಆದರೆ ಯಂತ್ರಕ್ಕೆ ಬೇಕಾದ ಪ್ರೋಗ್ರಾಮನ್ನು ಬರೆದವರು ಏರಿಯಾನಾ ರೋಸೆನ್‌ಬ್ಲೂತ್. ಅವರು ಹಾರ್ವರ್ಡಿನಲ್ಲಿ ವಾನ್ ವ್ಲೆಕ್ಕರ ಕೈಕೆಳಗೆ ಸಂಶೋಧನೆ ಮಾಡಿ ೧೯೪೯ರಲ್ಲಿ ಡಾಕ್ಟರೇಟ್ ಪಡೆದ ಭೌತವಿಜ್ಞಾನಿ. ಆಗ ಅವರಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಸಿದ್ಧಾಂತದ ಬಹುಭಾಗವನ್ನು ತಾವೂ, ಯಂತ್ರದ ಕೆಲಸವನ್ನು ಏರಿಯಾನಾ ಅವರೂ ಮಾಡಿದುದಾಗಿ ಮಾರ್ಷಲ್ ರೋಸೆನ್‌ಬ್ಲೂತ್ ಅವರು ಐವತ್ತು ವರ್ಷಗಳ ಮೇಲೆ, ೨೦೦೩ರಲ್ಲಿ, ನೆನಪಿಸಿಕೊಂಡರು. ಮಕ್ಕಳಾದ ಮೇಲೆ ಏರಿಯಾನಾ ಅವರು ಸಂಶೋಧನೆಯನ್ನು ಬಿಟ್ಟರು, ೨೦೨೦ರಲ್ಲಿ ತೀರಿಕೊಂಡರು. ಅವರ ಹೆಸರು ಪ್ರಬಂಧದ ಶಿರೋಭಾಗದಲ್ಲಿ ಇದ್ದಿತೆಂಬುದು ನಿಜ. ಆದರೆ ಆ ಹೆಸರು ಏನನ್ನು ಮಾಡಿತೆಂಬುದನ್ನು ಓದುಗರು ಬಹುಕಾಲ ವಿಚಾರಿಸಲಿಲ್ಲ.

ಎರಡನೆಯ ಲೆಕ್ಕದ ಕಥೆ ಇನ್ನೂ ವಿಶದವಾದುದು. ಫರ್ಮಿ, ಪಾಸ್ತಾ, ಉಲಾಂ ಎಂಬ ಮೂವರು ಸ್ಪ್ರಿಂಗುಗಳಿಂದ ಜೋಡಿಸಿದ ಕಣಗಳ ಒಂದು ಸರಪಳಿಯನ್ನು ಯಂತ್ರದ ಮೇಲೆ ಪರೀಕ್ಷಿಸಿದರು. ಸ್ಪ್ರಿಂಗಿನ ಬಲವು ಎಳೆತಕ್ಕೆ ಸರಿಯಾಗಿ ನೇರವಾದ ಪ್ರಮಾಣದಲ್ಲಿರದೆ ಸ್ವಲ್ಪ ವ್ಯತ್ಯಾಸವನ್ನು ಹೊಂದಿತ್ತು. ಶಕ್ತಿಯನ್ನೆಲ್ಲ ಒಂದೇ ಕಂಪನದಲ್ಲಿ ಇಟ್ಟು ಸರಪಳಿಯನ್ನು ಬಿಟ್ಟರೆ, ಅದು ಕ್ರಮೇಣ ಎಲ್ಲ ಕಂಪನಗಳಿಗೂ ಸಮನಾಗಿ ಹಂಚಿಹೋಗುವುದೆಂದು ಅವರ ನಿರೀಕ್ಷೆ. ಘನಪದಾರ್ಥವೊಂದು ಉಷ್ಣಸಮತೋಲನಕ್ಕೆ ಬರುವುದು ಹೀಗೆಯೇ ಎಂದು ಭಾವಿಸಲಾಗಿತ್ತು. ಆದರೆ ಯಂತ್ರ ಬೇರೆಯದನ್ನೇ ತೋರಿಸಿತು. ಶಕ್ತಿಯು ಕೆಲವೇ ಕಂಪನಗಳ ನಡುವೆ ಸುಳಿದಾಡಿ, ಸಾಕಷ್ಟು ಕಾಲದ ಮೇಲೆ ಹೆಚ್ಚುಕಡಿಮೆ ಪೂರ್ತಿಯಾಗಿ ಮೊದಲಿನ ಕಂಪನಕ್ಕೇ ಮರಳಿತು. ಈ ಅಚ್ಚರಿಯಿಂದ ಹೊರಟ ವಿಚಾರವೇ ೧೯೬೫ರಲ್ಲಿ ಜಬುಸ್ಕಿ ಮತ್ತು ಕ್ರುಸ್ಕಲ್ ಅವರ ಏಕಾಂತ ತರಂಗಗಳ ಅಧ್ಯಯನಕ್ಕೆ ದಾರಿಮಾಡಿತು. ಫರ್ಮಿಯವರು ೧೯೫೪ರ ನವೆಂಬರಿನಲ್ಲಿ ತೀರಿಕೊಂಡರು. ವರದಿ ೧೯೫೫ರಲ್ಲಿ ಸಿದ್ಧವಾಯಿತು.

ಆ ವರದಿಯನ್ನು ಬರೆದವರು ಮೂವರೆಂದೂ, ಕೆಲಸವನ್ನು ಮಾಡಿದವರು ನಾಲ್ವರೆಂದೂ ಅದರ ಮೊದಲ ಪುಟದಲ್ಲಿಯೇ ಸೂಚಿಸಿದೆ. ನಾಲ್ಕನೆಯವರು ಮೇರಿ ಸಿಂಗೂ. ಮೇನಿಯಾಕ್ ಯಂತ್ರಕ್ಕೆ ಈ ಸಮಸ್ಯೆಯ ಪ್ರೋಗ್ರಾಮನ್ನು ರಚಿಸಿ ನಡೆಸಿದವರು ಅವರು. ಆದರೂ ಐವತ್ತು ವರ್ಷಗಳಿಗೂ ಮೀರಿ ಈ ಸಮಸ್ಯೆ ಮೂವರ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ೨೦೦೮ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಥಿಯರಿ ಡೋಕ್ಸ್ವಾ ಅವರು ಒಂದು ಲೇಖನದಲ್ಲಿ ಈ ಅನ್ಯಾಯವನ್ನು ಎತ್ತಿ ತೋರಿಸಿದರು. ಅಂದಿನಿಂದ ನಾಲ್ಕನೆಯ ಹೆಸರನ್ನೂ ಸೇರಿಸಿ ಹೇಳುವ ರೂಢಿ ಬೆಳೆಯುತ್ತಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪ್ರೋಗ್ರಾಂ ಬರೆಯುವುದೆಂದರೆ ಅಂದಿನ ಯಂತ್ರದಲ್ಲಿ ಬೇರೆಯವರ ಸಮೀಕರಣವನ್ನು ನಕಲುಮಾಡುವ ಕೆಲಸವಾಗಿರಲಿಲ್ಲ. ಕಾಲವನ್ನು ಎಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಬೇಕು, ತಪ್ಪುಗಳು ಎಷ್ಟರಮಟ್ಟಿಗೆ ಗುಡ್ಡೆಬೀಳುತ್ತವೆ, ಬಂದ ಉತ್ತರ ಪ್ರಕೃತಿಯದೋ ಯಂತ್ರದ ದೋಷವೋ ಎಂಬುದನ್ನೆಲ್ಲ ನಿರ್ಧರಿಸಬೇಕಾಗಿತ್ತು. ನಿರೀಕ್ಷೆಗೆ ವಿರುದ್ಧವಾದ ಉತ್ತರ ಬಂದಾಗ ಅದನ್ನು ನಂಬಬಹುದೇ ಎಂಬ ಪ್ರಶ್ನೆಗೆ ಆಧಾರ ಪ್ರೋಗ್ರಾಮಿನ ಪ್ರಾಮಾಣಿಕತೆಯೊಂದೇ. ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಕಟ್ಟಿ ಅಳತೆಮಾಡಿದವನನ್ನು ನಾವು ಪ್ರಯೋಗಕಾರನೆಂದು ಕರೆಯುತ್ತೇವೆ. ಯಂತ್ರದ ಮೇಲಿನ ಪ್ರಯೋಗಕ್ಕೆ ಆ ಮರ್ಯಾದೆ ಸಲ್ಲಲು ಕಾಲ ಹಿಡಿಯಿತು.

೪

ಕಣಗಳ ಚಲನೆಯನ್ನು ನ್ಯೂಟನ್ನನ ನಿಯಮದಂತೆಯೇ ಹೆಜ್ಜೆಹೆಜ್ಜೆಯಾಗಿ ಅನುಸರಿಸುವ ಇನ್ನೊಂದು ವಿಧಾನವನ್ನು ಕ್ಯಾಲಿಫೋರ್ನಿಯದ ಲಿವರ್‌ಮೋರಿನಲ್ಲಿ ಆಲ್ಡರ್ ಮತ್ತು ವೈನ್‌ರೈಟ್ ರೂಪಿಸಿದರು. ಇದನ್ನು ಅಣುಗತಿ ವಿಧಾನವೆಂದು ಕರೆಯಬಹುದು. ಒಂದನ್ನೊಂದು ಆಕರ್ಷಿಸದ ಗಟ್ಟಿ ಗೋಳಗಳು ಒತ್ತೊತ್ತಾದಾಗ ದ್ರವಸ್ಥಿತಿಯಿಂದ ಸ್ಫಟಿಕಸ್ಥಿತಿಗೆ ತಿರುಗುತ್ತವೆಯೇ ಎಂಬುದು ಅಂದಿನ ವಿವಾದ. ಆಕರ್ಷಣೆಯೇ ಇಲ್ಲದೆ ಹೆಪ್ಪುಗಟ್ಟುವುದೆಂತು ಎಂದು ಅನೇಕ ಹಿರಿಯ ವಿದ್ವಾಂಸರು ಸಂಶಯಪಟ್ಟರು. ೧೯೫೭ರಲ್ಲಿ ನ್ಯೂ ಜೆರ್ಸಿಯಲ್ಲಿ ನಡೆದ ಒಂದು ಸಭೆಯಲ್ಲಿ ಈ ವಿಷಯಕ್ಕೆ ಕೈಯೆತ್ತಿಸಿ ಮತ ಕೇಳಿದಾಗ ಸಭಿಕರು ಹೆಚ್ಚುಕಡಿಮೆ ಸಮಭಾಗವಾದರೆಂದು ಹೇಳುತ್ತಾರೆ. ಅದೇ ವರ್ಷ ಪ್ರಕಟವಾದ ಲಿವರ್‌ಮೋರಿನ ಮತ್ತು ಲಾಸ್ ಅಲಾಮೊಸಿನ ಲೆಕ್ಕಗಳು ಸ್ಫಟಿಕೀಭವನದ ಪಕ್ಷವನ್ನು ಎತ್ತಿಹಿಡಿದುವು. ಆಲ್ಡರರ ಪ್ರೋಗ್ರಾಮುಗಳನ್ನು ದಶಕಗಳ ಕಾಲ ಬರೆದು ನಡೆಸಿದವರು ಮೇರಿ ಆನ್ ಮ್ಯಾನ್ಸಿ. ಅವರ ಹೆಸರು ಬಹುಮಟ್ಟಿಗೆ ಪ್ರಬಂಧಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿಯೇ ಉಳಿಯಿತು.

೧೯೬೦ರಲ್ಲಿ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ವಿನ್‌ಯಾರ್ಡ್ ಮತ್ತು ಅವರ ಸಂಗಡಿಗರು ಸುಮಾರು ೫೦೦ ತಾಮ್ರದ ಪರಮಾಣುಗಳ ಒಂದು ಸ್ಫಟಿಕವನ್ನು ಯಂತ್ರದಲ್ಲಿ ಕಟ್ಟಿ, ವಿಕಿರಣದ ಹೊಡೆತದಿಂದ ಒಂದು ಪರಮಾಣು ತನ್ನ ಸ್ಥಾನದಿಂದ ಸಿಡಿದಾಗ ಏನಾಗುವುದೆಂಬುದನ್ನು ಅನುಸರಿಸಿದರು. ಕಲ್ಪಿತ ಗೋಳಗಳಿಂದ ನಿಜವಾದ ಲೋಹದ ಕಡೆಗೆ ಇಟ್ಟ ಹೆಜ್ಜೆ ಇದು.

ಸಿದ್ಧಾಂತಿಯೂ ಗಣಕನೂ ಒಬ್ಬನೇ ಆಗಿ ನಿಂತ ಕಾರ್ಯಕ್ಕೆ ಅನೀಸುರ್ ರಹಮಾನ್ ಅವರ ೧೯೬೪ರ ಪ್ರಬಂಧಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ರಹಮಾನರು ೧೯೨೭ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ೧೯೫೬ರವರೆಗೆ ಸೇರಿದ್ದುದು ಆ ರಾಜ್ಯಕ್ಕೇ ಎಂಬುದನ್ನು ಕನ್ನಡಿಗರು ನೆನೆಯಬಹುದು. ಕೇಂಬ್ರಿಜ್ಜಿನಲ್ಲಿಯೂ ಬೆಲ್ಜಿಯಂ ದೇಶದ ಲೂವೇನಿನಲ್ಲಿಯೂ ಅವರ ಉನ್ನತ ವ್ಯಾಸಂಗ ನಡೆಯಿತು. ೧೯೬೦ರಲ್ಲಿ ಷಿಕಾಗೊ ನಗರದ ಸಮೀಪದ ಆರ್ಗಾನ್ ಪ್ರಯೋಗಶಾಲೆಯನ್ನು ಸೇರಿದರು.

ರಹಮಾನರು ೮೬೪ ಆರ್ಗಾನ್ ಪರಮಾಣುಗಳನ್ನು ಒಂದು ಕಲ್ಪಿತ ಪೆಟ್ಟಿಗೆಯಲ್ಲಿಟ್ಟರು. ಉಷ್ಣತೆ ೯೪.೪ ಕೆಲ್ವಿನ್, ಸಾಂದ್ರತೆ ಘನ ಸೆಂಟಿಮೀಟರಿಗೆ ೧.೩೭೪ ಗ್ರಾಂ. ಪರಮಾಣುಗಳ ನಡುವಿನ ಬಲಕ್ಕೆ ಲೆನಾರ್ಡ್-ಜೋನ್ಸ್ ವಿಭವವನ್ನು ಆರಿಸಿಕೊಂಡು, ಸೆಕೆಂಡಿನ ನೂರು ಲಕ್ಷ ಕೋಟಿಯಲ್ಲಿ ಒಂದಂಶದಷ್ಟು ಸಣ್ಣ ಕಾಲಖಂಡಗಳಲ್ಲಿ ಅವುಗಳ ಚಲನೆಯನ್ನು ಸಿಡಿಸಿ ೩೬೦೦ ಎಂಬ ಯಂತ್ರದ ಮೇಲೆ ಅನುಸರಿಸಿದರು. ಒಂದು ಪರಮಾಣುವಿನ ಸುತ್ತ ಉಳಿದವು ನೆರೆದಿರುವ ರೀತಿ ಪ್ರಯೋಗಕ್ಕೆ ಚೆನ್ನಾಗಿ ಹೊಂದಿತು. ಪರಮಾಣುಗಳು ದ್ರವದಲ್ಲಿ ಹರಡಿಕೊಳ್ಳುವ ವೇಗವನ್ನು ಸೂಚಿಸುವ ಸ್ಥಿರಾಂಕ ಪ್ರಯೋಗದ ಬೆಲೆಗಿಂತ ಶೇಕಡ ೧೫ರಷ್ಟು ಕಡಮೆಯಾಗಿ ಬಂತು. ಈ ವ್ಯತ್ಯಾಸವನ್ನು ಅವರು ಪ್ರಬಂಧದ ಸಾರಾಂಶದಲ್ಲಿಯೇ ಹೇಳಿದರು. ನಿಜವಾದ ದ್ರವವೊಂದು ಯಂತ್ರದಲ್ಲಿ ಮೊತ್ತಮೊದಲು ಹೀಗೆ ಅಳತೆಗೆ ಸಿಕ್ಕಿತು. ಪ್ರಬಂಧಕ್ಕೆ ಕರ್ತೃ ಒಬ್ಬರೇ.

ರಹಮಾನರು ಬಳಸಿದ ಮಾದರಿಯ ಯಂತ್ರವೇ ೧೯೬೪ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಬಂದಿತೆಂಬುದು ಗಮನಿಸತಕ್ಕ ವಿಷಯ. ಆ ಸಂಸ್ಥೆಯವರು ಅದಕ್ಕೆ ಮೊದಲೇ, ೧೯೬೦ರಲ್ಲಿ, ತಾವೇ ಒಂದು ಗಣಕಯಂತ್ರವನ್ನು ಕಟ್ಟಿದ್ದರು. ಉಪಕರಣದ ದೃಷ್ಟಿಯಿಂದ ನಮ್ಮ ದೇಶ ಆ ವರ್ಷ ತೀರ ಹಿಂದೆ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಯಂತ್ರವೊಂದೇ ಸಾಲದು, ಅದರ ಬಳಿ ಕುಳಿತು ಪದಾರ್ಥವನ್ನು ಪ್ರಶ್ನಿಸುವುದೇ ವೃತ್ತಿಯಾದ ಸಂಶೋಧಕನೊಬ್ಬ ಬೇಕು, ಮತ್ತು ಅವನಿಗೊಂದು ಸ್ಥಾನ ಬೇಕು.

ರಹಮಾನರು ೧೯೭೧ರಲ್ಲಿ ಸ್ಟಿಲ್ಲಿಂಜರ್ ಅವರೊಡನೆ ನೀರಿನ ೨೧೬ ಅಣುಗಳನ್ನೂ, ೧೯೮೦ರ ಸುಮಾರಿನಲ್ಲಿ ಪ್ಯಾರಿನೆಲ್ಲೊ ಅವರೊಡನೆ ಒತ್ತಡಕ್ಕೆ ಸಿಕ್ಕಿದ ಸ್ಫಟಿಕಗಳು ಆಕಾರವನ್ನು ಬದಲಿಸುವ ಬಗೆಯನ್ನೂ ಅಧ್ಯಯನಮಾಡಿದರು. ೧೯೮೭ರಲ್ಲಿ ತೀರಿಕೊಂಡರು. ಗಣನಾತ್ಮಕ ಭೌತವಿಜ್ಞಾನಕ್ಕೆ ಅಮೆರಿಕದ ಭೌತವಿಜ್ಞಾನ ಸಂಘ ಕೊಡುವ ಪ್ರಮುಖ ಪ್ರಶಸ್ತಿ ಇಂದು ಅವರ ಹೆಸರಿನಲ್ಲಿದೆ.

೫

ರಹಮಾನರ ಪರಮಾಣುಗಳ ನಡುವಣ ಬಲ ಊಹೆಯಿಂದ ಆರಿಸಿಕೊಂಡುದು. ಆರ್ಗಾನಿನಂಥ ಜಡ ಅನಿಲಕ್ಕೆ ಅದು ಸರಿಹೋಗುತ್ತದೆ. ಲೋಹಗಳಿಗೂ ಸಿಲಿಕಾನಿನಂಥ ಪದಾರ್ಥಗಳಿಗೂ ಸರಿಹೋಗುವುದಿಲ್ಲ. ಅಲ್ಲಿ ಬಲವನ್ನು ನಿರ್ಧರಿಸುವುದು ಎಲೆಕ್ಟ್ರಾನುಗಳ ಹಂಚಿಕೆ. ನಾವು ಮೊದಲು ಹೇಳಿದ ತೊಡಕು ಇಲ್ಲಿ ಮತ್ತೆ ಎದುರಾಗುತ್ತದೆ.

ರಹಮಾನರ ಪ್ರಬಂಧ ಅಚ್ಚಾದ ಪತ್ರಿಕೆಯ ೧೩೬ನೆಯ ಸಂಪುಟದಲ್ಲಿಯೇ, ಕೆಲವು ವಾರಗಳ ಅಂತರದಲ್ಲಿ, ಹೋಹೆನ್‌ಬರ್ಗ್ ಮತ್ತು ಕೋನ್ ಅವರ ಪ್ರಬಂಧವೂ ಪ್ರಕಟವಾಯಿತು. ವಾಲ್ಟರ್ ಕೋನ್ ಅವರು ವಿಯೆನ್ನದಲ್ಲಿ ಹುಟ್ಟಿ, ನಾತ್ಸಿಗಳ ಕಾಲದಲ್ಲಿ ಬಾಲಕನಾಗಿಯೇ ದೇಶಬಿಟ್ಟು, ಇಂಗ್ಲೆಂಡು ಕೆನಡಗಳ ಮಾರ್ಗವಾಗಿ ಅಮೆರಿಕವನ್ನು ಸೇರಿದವರು. ೧೯೬೩ರಲ್ಲಿ ಅವರು ರಜೆಯ ಮೇಲೆ ಪ್ಯಾರಿಸ್ಸಿಗೆ ಹೋಗಿದ್ದಾಗ ತಾತ್ಕಾಲಿಕ ಸಂಶೋಧಕರಾಗಿ ಅಲ್ಲಿದ್ದ ಪಿಯೆರ್ ಹೋಹೆನ್‌ಬರ್ಗ್ ಅವರ ಜೊತೆ ಸೇರಿ ಒಂದು ಪ್ರಮೇಯವನ್ನು ಸಾಧಿಸಿದರು. ಪದಾರ್ಥವೊಂದರ ಕನಿಷ್ಠಶಕ್ತಿಯ ಸ್ಥಿತಿಯನ್ನು ಕುರಿತ ಸಮಸ್ತ ವಿಷಯವೂ ಎಲೆಕ್ಟ್ರಾನುಗಳ ಸಾಂದ್ರತೆಯೊಂದರಿಂದಲೇ ತಾತ್ತ್ವಿಕವಾಗಿ ನಿಶ್ಚಿತವಾಗುತ್ತದೆಂಬುದು ಅದರ ಸಾರ. ಎಷ್ಟೇ ಎಲೆಕ್ಟ್ರಾನುಗಳಿರಲಿ, ಸಾಂದ್ರತೆಗೆ ಮೂರೇ ಚರಗಳು ಸಾಕು.

ಮರುವರ್ಷ ಕೋನ್ ಅವರು ಸ್ಯಾನ್ ಡಿಯಾಗೊದಲ್ಲಿ ತಮ್ಮ ಬಳಿ ತಾತ್ಕಾಲಿಕ ಹುದ್ದೆಯಲ್ಲಿದ್ದ ಲೂ ಜು ಷಾಮ್ ಅವರೊಡನೆ ಈ ಪ್ರಮೇಯವನ್ನು ಲೆಕ್ಕಕ್ಕೆ ಒಗ್ಗುವ ರೂಪಕ್ಕೆ ತಂದರು. ಪರಸ್ಪರ ಪ್ರಭಾವಕ್ಕೆ ಒಳಗಾದ ಎಲೆಕ್ಟ್ರಾನುಗಳ ಬದಲಿಗೆ, ಅದೇ ಸಾಂದ್ರತೆಯನ್ನು ಕೊಡುವ ಸ್ವತಂತ್ರ ಎಲೆಕ್ಟ್ರಾನುಗಳನ್ನು ಕಲ್ಪಿಸಿಕೊಳ್ಳುವುದು ಅವರ ಉಪಾಯ. ಅಜ್ಞಾತವಾದ ಭಾಗವೆಲ್ಲ ಒಂದು ಸಣ್ಣ ಪದದಲ್ಲಿ ಅಡಕವಾಗುತ್ತದೆ, ಅದನ್ನು ಅಂದಾಜುಮಾಡಿದರಾಯಿತು. ಹಾರ್ಟ್ರೀಯವರ ಸುತ್ತುಸುತ್ತಿನ ಲೆಕ್ಕ ಹೀಗೆ ಹೊಸ ತಳಹದಿಯ ಮೇಲೆ ನಿಂತಿತು. ಇದಕ್ಕಾಗಿ ೧೯೯೮ರಲ್ಲಿ ಕೋನ್ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಹೋಹೆನ್‌ಬರ್ಗ್, ಷಾಮ್ ಇಬ್ಬರೂ ತಾತ್ಕಾಲಿಕ ಹುದ್ದೆಗಳಲ್ಲಿದ್ದ ತರುಣರೆಂಬುದನ್ನು ಮರೆಯಬಾರದು. ಇಂದು ಅತಿ ಹೆಚ್ಚಾಗಿ ಬಳಕೆಯಲ್ಲಿರುವ ಅಂದಾಜುಗಳಲ್ಲಿ ಒಂದು ೧೯೯೬ರಲ್ಲಿ ಪರ್ಡ್ಯೂ, ಬರ್ಕ್, ಎರ್ನ್‌ಜರ್‌ಹಾಫ್ ಅವರಿಂದ ಬಂದಿತು. ಪರ್ಡ್ಯೂ ಅವರ ಇಬ್ಬರು ಸಂಗಡಿಗರೂ ಅಂಥ ಹುದ್ದೆಗಳ ಮೂಲಕವೇ ಅವರ ಬಳಿಗೆ ಬಂದವರು. ಈ ಶಾಸ್ತ್ರದ ಮುಖ್ಯವಾದ ಕಂಬಗಳಲ್ಲಿ ಹಲವನ್ನು ನೆಟ್ಟವರು ಎರಡು ಮೂರು ವರ್ಷಗಳ ಅತಿಥಿಗಳೆಂದರೆ ತಪ್ಪಾಗಲಾರದು.

ಎರಡು ಪ್ರವಾಹಗಳು ೧೯೮೦ರ ದಶಕದಲ್ಲಿ ಕೂಡಿದುವು. ೧೯೮೦ರಲ್ಲಿ ಸೆಪರ್ಲೀ ಮತ್ತು ಆಲ್ಡರ್ ಎಲೆಕ್ಟ್ರಾನು ಅನಿಲದ ಶಕ್ತಿಯನ್ನು ಯದೃಚ್ಛಾವಿಧಾನದಿಂದ ನಿಖರವಾಗಿ ಪಡೆದರು. ಕೋನ್-ಷಾಮ್ ಸಮೀಕರಣದ ಅಜ್ಞಾತಪದಕ್ಕೆ ಅದು ಒಳ್ಳೆಯ ಆಧಾರವಾಯಿತು. ಅದೇ ಕಾಲದಲ್ಲಿ ಬರ್ಕ್ಲಿಯಲ್ಲಿ ಯಿನ್ ಮತ್ತು ಕೋಹೆನ್ ಸಿಲಿಕಾನಿನ ಸ್ಫಟಿಕವು ಒತ್ತಡದಲ್ಲಿ ಬೇರೆ ರಚನೆಗೆ ತಿರುಗುವುದನ್ನು ಲೆಕ್ಕದಿಂದ ತೋರಿಸಿದರು. ಅಧಿಕ ಒತ್ತಡದಲ್ಲಿ ಸಿಲಿಕಾನಿನ ಒಂದು ರೂಪವು ಅತಿವಾಹಕವಾಗುವುದೆಂದು ಕೋಹೆನರ ತಂಡ ಮುಂಚಿತವಾಗಿ ಹೇಳಿದುದು ೧೯೮೫ರಲ್ಲಿ ಪ್ರಯೋಗದಿಂದ ಸ್ಥಿರಪಟ್ಟಿತು. ಅದೇ ವರ್ಷ ಇಟಲಿಯ ಟ್ರಿಯೆಸ್ಟೆಯಲ್ಲಿ ಕಾರ್ ಮತ್ತು ಪ್ಯಾರಿನೆಲ್ಲೊ ಅಣುಗತಿ ವಿಧಾನವನ್ನೂ ಎಲೆಕ್ಟ್ರಾನು ಸಾಂದ್ರತೆಯ ಸಿದ್ಧಾಂತವನ್ನೂ ಒಂದೇ ಲೆಕ್ಕದಲ್ಲಿ ಬೆಸೆದರು.

೬

ಇಲ್ಲಿಂದ ಮುಂದೆ ಪ್ರೋಗ್ರಾಮುಗಳು ಒಬ್ಬನ ಕೈಬರಹವಾಗಿ ಉಳಿಯದೆ, ಅನೇಕರು ವರ್ಷಗಟ್ಟಲೆ ಕಟ್ಟಿದ ದೊಡ್ಡ ಸೌಧಗಳಾದುವು. ಸಾವಿರಾರು ಸಂಶೋಧಕರು ತಾವು ಬರೆಯದ ಪ್ರೋಗ್ರಾಮುಗಳನ್ನು ನಂಬಿ ಕೆಲಸಮಾಡುತ್ತಾರೆ. ಆ ನಂಬಿಕೆಗೆ ಆಧಾರವುಂಟೇ? ೨೦೧೬ರಲ್ಲಿ ಅನೇಕ ದೇಶಗಳ ಸಂಶೋಧಕರು ಒಟ್ಟುಗೂಡಿ, ೧೫ ಪ್ರೋಗ್ರಾಮುಗಳನ್ನು ೪೦ ಬಗೆಗಳಲ್ಲಿ ಬಳಸಿ, ೭೧ ಮೂಲವಸ್ತುಗಳ ಸ್ಫಟಿಕಗಳ ಮೇಲೆ ಒರೆಹಚ್ಚಿ ನೋಡಿದರು. ಹೊಸ ಪ್ರೋಗ್ರಾಮುಗಳು ಕೊಟ್ಟ ಉತ್ತರಗಳು ತಮ್ಮೊಳಗೆ ಬಹಳ ಚೆನ್ನಾಗಿ ಹೊಂದಿಕೊಂಡುವು. ಹಳೆಯ ಕೆಲವು ವಿಧಾನಗಳ ಉತ್ತರಗಳು ಅಷ್ಟಾಗಿ ಹೊಂದಲಿಲ್ಲ. ಹೊಸ ಪದಾರ್ಥವನ್ನು ಕಂಡುಹಿಡಿಯದ, ಹೊಸ ಸಿದ್ಧಾಂತವನ್ನು ಮಂಡಿಸದ ಈ ಪರಿಶೀಲನೆ ಇಡೀ ಶಾಸ್ತ್ರಕ್ಕೆ ಮಾಡಿದ ಉಪಕಾರ ದೊಡ್ಡದು.

ಆದರೆ ಪ್ರೋಗ್ರಾಮುಗಳು ತಮ್ಮೊಳಗೆ ಒಪ್ಪುವುದು ಬೇರೆ, ಪ್ರಕೃತಿಯೊಡನೆ ಒಪ್ಪುವುದು ಬೇರೆ. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳ ಎರಡು ಶಕ್ತಿಪಟ್ಟಿಗಳ ನಡುವಣ ಅಂತರ ಪ್ರಯೋಗದಲ್ಲಿ ಸುಮಾರು ೧.೧ ಎಲೆಕ್ಟ್ರಾನ್ ವೋಲ್ಟ್. ಕೋನ್-ಷಾಮ್ ಸಮೀಕರಣದ ಸರಳ ಅಂದಾಜು ಅದರ ಅರ್ಧದಷ್ಟನ್ನೇ ಕೊಡುತ್ತದೆ. ಎಲ್ಲ ಪ್ರೋಗ್ರಾಮುಗಳೂ ಏಕಕಂಠದಿಂದ ಅದೇ ತಪ್ಪು ಉತ್ತರವನ್ನು ಕೊಡುತ್ತವೆ. ಇದು ಲೆಕ್ಕದ ತಪ್ಪಲ್ಲ. ಆ ಸಿದ್ಧಾಂತ ಎಂಥ ಪ್ರಶ್ನೆಗೆ ಉತ್ತರ ಹೇಳಬಲ್ಲುದು, ಎಂಥದಕ್ಕೆ ಹೇಳಲಾರದು ಎಂಬ ವಿವೇಕದ ವಿಷಯ. ಭೌತವಿಜ್ಞಾನವನ್ನು ಅರಿಯದೆ ಯಂತ್ರವನ್ನು ನಡೆಸುವವನು ಈ ಅರ್ಧವನ್ನು ಪೂರ್ಣವೆಂದು ಬರೆದುಬಿಡುತ್ತಾನೆ. ಪ್ರೋಗ್ರಾಮನ್ನು ಅರಿಯದೆ ಸಿದ್ಧಾಂತವನ್ನು ಮಾತ್ರ ಬಲ್ಲವನು ಯಂತ್ರದ ದೋಷವನ್ನು ಪ್ರಕೃತಿಯ ಗುಣವೆಂದು ಭ್ರಮಿಸುತ್ತಾನೆ. ಮೂರು ಯೋಗ್ಯತೆಗಳನ್ನು ಒಬ್ಬನಲ್ಲಿ ಬಯಸುವುದಕ್ಕೆ ಕಾರಣ ಇದು.

ನಮ್ಮ ನಾಡಿನಲ್ಲಿ ಈ ಶಾಸ್ತ್ರಕ್ಕೆ ಈಗ ನೆಲೆಯುಂಟು. ಬೆಂ‌ಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಪದಾರ್ಥಗಳ ಗಣನೆ ನಡೆಯುತ್ತಿದೆ. ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಯಂತ್ರದ ಸಾಮರ್ಥ್ಯ ೩.೩ ಪೆಟಾಫ್ಲಾಪ್; ಎಂದರೆ ಸೆಕೆಂಡಿಗೆ ಸುಮಾರು ಮೂವತ್ತಮೂರು ಕೋಟಿ ಕೋಟಿ, ಹದಿನಾರು ಅಂಕಿಗಳ ಸಂಖ್ಯೆಯಷ್ಟು ಗಣಿತಕ್ರಿಯೆಗಳು. ಅನೇಕ ಉಪಯುಕ್ತ ಪ್ರೋಗ್ರಾಮುಗಳು ಉಚಿತವಾಗಿ ದೊರೆಯುವುದರಿಂದ ಜಿಲ್ಲಾಕೇಂದ್ರದ ಕಾಲೇಜಿನ ವಿದ್ಯಾರ್ಥಿಯೂ ಸಾಧಾರಣ ಯಂತ್ರವೊಂದರ ಮೇಲೆ ರಹಮಾನರ ೮೬೪ ಪರಮಾಣುಗಳ ಲೆಕ್ಕವನ್ನು ಮತ್ತೆ ಮಾಡಿನೋಡಬಹುದು. ಈ ಅಭ್ಯಾಸವನ್ನು ಅಧ್ಯಾಪಕರು ತರಗತಿಯಲ್ಲಿ ಮಾಡಿಸಿದರೆ ತುಂಬ ಉಪಯೋಗವಾದೀತು. ಸಿದ್ಧವಾಗಿ ದೊರೆತ ಪ್ರೋಗ್ರಾಮಿನಿಂದ ಒಮ್ಮೆ, ವಿದ್ಯಾರ್ಥಿಯು ತಾನೇ ಬರೆದುದರಿಂದ ಒಮ್ಮೆ ಮಾಡಿಸಿದರೆ ಇನ್ನೂ ಲೇಸು. ಶೇಕಡ ೧೫ರ ವ್ಯತ್ಯಾಸವನ್ನು ಮರೆಮಾಚದೆ ಹೇಳುವ ಶಿಕ್ಷಣವೂ ಅದರೊಡನೆ ದೊರೆಯುತ್ತದೆ.

ಇನ್ನು ಹುದ್ದೆಗಳ ವಿಚಾರ. ಇಂಥ ಸ್ಥಾನಗಳಿಗೆ ಅಭ್ಯರ್ಥಿಗಳನ್ನು ಆರಿಸುವವರು ಪ್ರಬಂಧಗಳ ಸಂಖ್ಯೆಯನ್ನು ಎಣಿಸುವುದು ಸುಲಭ. ಪ್ರಬಂಧದ ಹಿಂದೆ ನಿಂತ ಪ್ರೋಗ್ರಾಮನ್ನು ಯಾರು ಬರೆದರು, ಯಾರು ಪರೀಕ್ಷಿಸಿದರು, ತಪ್ಪನ್ನು ಯಾರು ಕಂಡುಹಿಡಿದರು ಎಂದು ಕೇಳುವುದು ಕಷ್ಟ. ಕೇಳದೆ ಬಿಟ್ಟಾಗ ಏನಾಗುತ್ತದೆಂಬುದನ್ನು ಮೇರಿ ಸಿಂಗೂ ಅವರ ಕಥೆ ತೋರಿಸಿದೆ. ಮೊದಲ ಪುಟದಲ್ಲಿ ಅಚ್ಚಾಗಿದ್ದ ಒಂದು ಹೆಸರನ್ನು ಓದಲು ವಿದ್ವತ್ಪ್ರಪಂಚಕ್ಕೆ ಅರ್ಧ ಶತಮಾನ ಬೇಕಾಯಿತು. ಎರಡು ಮೂರು ವರ್ಷಗಳ ಅವಧಿಗೆ ಬಂದು ಹೋಗುವ ತರುಣರ ವಿಷಯದಲ್ಲಿ ಈ ಮರೆವು ಇನ್ನೂ ಸುಲಭ. ಅವರು ಬಿಟ್ಟುಹೋದ ಪ್ರೋಗ್ರಾಂ ವಿಭಾಗದಲ್ಲಿ ಉಳಿಯುತ್ತದೆ, ಅವರ ಹೆಸರು ಉಳಿಯುವುದಿಲ್ಲ. ಪ್ರತಿಯೊಂದು ವಿಭಾಗವೂ ತನ್ನ ಲೆಕ್ಕಗಳ ಕರ್ತೃತ್ವವನ್ನು ಸರಿಯಾಗಿ ದಾಖಲುಮಾಡಿ, ಬಡ್ತಿಯ ಮತ್ತು ನೇಮಕದ ಸಂದರ್ಭದಲ್ಲಿ ಅದನ್ನು ಸಂಶೋಧನೆಯೆಂದೇ ಪರಿಗಣಿಸುವುದು ಅವಶ್ಯಕ. ಇದಕ್ಕೆ ಹೆಚ್ಚಿನ ಹಣವೇನೂ ಬೇಡ.

ನಮ್ಮ ಹಿಂದಿನವರು ಗಣಕನೆಂದು ಕರೆದುದು ಪಂಚಾಂಗದ ಲೆಕ್ಕಕ್ಕೆ ತಾನೇ ಹೊಣೆಯಾಗಿ ನಿಲ್ಲುತ್ತಿದ್ದ ಮನುಷ್ಯನನ್ನು. ಗ್ರಹಣದ ಕಾಲ ತಪ್ಪಿದರೆ ಊರಿನವರಿಗೆ ಉತ್ತರ ಹೇಳಬೇಕಾದವನು ಅವನು. ಹೆಸರನ್ನು ನಾವು ಯಂತ್ರಕ್ಕೆ ಕೊಟ್ಟಿದ್ದೇವೆ; ಉತ್ತರ ಹೇಳುವ ಹೊಣೆಯನ್ನು ಅದಕ್ಕೆ ಕೊಡಲಾಗದು. ಆ ಹೊಣೆಯನ್ನು ಹೊರುವವರಿಗೆ ತಕ್ಕ ಸ್ಥಾನವನ್ನು ಕಲ್ಪಿಸುವುದು ವಿಶ್ವವಿದ್ಯಾನಿಲಯಗಳ ಕರ್ತವ್ಯವಾಗಿದೆ.